ಎತ್ತರವನ್ನು ಲೆಕ್ಕಕ್ಕೆ ಹಿಡಿಯದ ಕಚೇರಿಗೆ

ನದಿ ಒಡ್ಡು ವಿಭಾಗದ ಮಾನ್ಯ ಕಾರ್ಯಪಾಲಕ ಎಂಜಿನಿಯರರೇ,

ಕಳೆದ ಭಾದ್ರಪದದಲ್ಲಿ ಚಾತಕ್‌ಖಾಲಿ ದ್ವೀಪದ ಒಡ್ಡು ಒಡೆದು ಹನ್ನೊಂದು ಜನ ಸತ್ತರಲ್ಲ, ಅವರನ್ನು ಕೊಂದದ್ದು ನಿಮ್ಮ ಕಚೇರಿಯ ಒಂದು ಗುಣಾಕಾರ. ಅದೇ ಗುಣಾಕಾರವನ್ನು ಈ ಚೈತ್ರದಲ್ಲಿ ಮತ್ತೆ ಮಾಡಿದ್ದೀರಿ. ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಮೊಹರು ಬಿತ್ತು, ಉತ್ತರ ಬರಲಿಲ್ಲ. ಅದಕ್ಕೇ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಒಡ್ಡಿಗೆ ಮಣ್ಣು ಅಗೆಯುವ ಹೆಂಗಸರ ಕೆಲಸವನ್ನು ಗುಂಡಿಯ ಲೆಕ್ಕದಲ್ಲಿ ಅಳೆಯುತ್ತಾರೆ. ಹತ್ತಡಿ ಉದ್ದ, ಹತ್ತಡಿ ಅಗಲ, ಒಂದಡಿ ಆಳ. ಅಂದರೆ ನೂರು ಘನ ಅಡಿ. ಎಷ್ಟು ಆಳ ಅಗೆದರೆಂದು ತಿಳಿಯಲು ಗುಂಡಿಯ ನಡುವೆ ಹುಲ್ಲಿನ ಸಮೇತ ಒಂದು ಮಣ್ಣಿನ ಕಂಬ ಉಳಿಸಬೇಕು. ಅದಕ್ಕೆ ‘ಸಾಕ್ಷಿ’ ಎಂದೇ ಹೆಸರು. ಸಾಕ್ಷಿ ಕುಸಿದರೆ ಇಡೀ ಗುಂಡಿಯೇ ಲೆಕ್ಕಕ್ಕಿಲ್ಲ. ಆಳದ ವಿಷಯದಲ್ಲಿ ತಮ್ಮದು ಅಷ್ಟು ಕಟ್ಟುನಿಟ್ಟು! ಹೆಂಗಸರ ಗುಂಡಿಯಲ್ಲಿ ಅರ್ಧ ಅಂಗುಲ ಹುಡುಕುವ ಕಚೇರಿಯ ಕಾಗದದಲ್ಲೇ ಒಂದು ಅಳತೆ ಇಡಿಯಾಗಿ ಮಾಯವಾದರೆ, ಸಾಕ್ಷಿ ಕೇಳುವವರು ಯಾರು?

ನಡೆದದ್ದು ಇಷ್ಟು. ಮೇಲಿನಿಂದ ಬಂದ ನಕ್ಷೆ ಮೀಟರಿನಲ್ಲಿತ್ತು: ನಾಲ್ಕು ಸಾವಿರ ಘನ ಮೀಟರ್ ಮಣ್ಣು. ನಿಮ್ಮ ಓವರ್‌ಸಿಯರ್ ಬಾಬು ಅದನ್ನು 10.76ರಿಂದ ಗುಣಿಸಿ, ನಲವತ್ತಮೂರು ಸಾವಿರ ಘನ ಅಡಿ ಎಂದು ಬರೆದರು. ಸ್ವಾಮಿ, ಅದು ಚದರ ಮೀಟರನ್ನು ಚದರ ಅಡಿ ಮಾಡುವ ಸಂಖ್ಯೆ. ನೆಲಕ್ಕೆ ಚಾಪೆ ಹಾಸುವುದಿದ್ದರೆ ಸರಿಹೋಗುತ್ತಿತ್ತು. ಘನ ಮೀಟರಿಗೆ 35.3 ಬೇಕು, ಆಗ ಒಂದು ಲಕ್ಷ ನಲವತ್ತೊಂದು ಸಾವಿರ ಘನ ಅಡಿ. ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಮಣ್ಣು ಒಡ್ಡಿಗೆ ಬೀಳಲೇ ಇಲ್ಲ.

ಇದನ್ನು ಮೊದಲು ಹಿಡಿದವಳು ಸುರಬಾಲಾ ಸರ್ದಾರ್. ನಲವತ್ತು ವರ್ಷದಿಂದ ಮಣ್ಣು ಅಗೆಯುವವಳು, ಹೆಬ್ಬೆಟ್ಟಿನವಳು, ಕಿರಿಯರಿಗೆಲ್ಲ ‘ಮಾಶಿ’, ಅಂದರೆ ಚಿಕ್ಕಮ್ಮ. ಕೊನೆಯ ಗುಂಡಿ ಮುಗಿದ ದಿನ ಒಡ್ಡನ್ನು ನೋಡಿ ಕೇಳಿದಳು:

“ಬಾಬು, ಇಷ್ಟಕ್ಕೇ ನಿಲ್ಸೋದಾ? ಒಡ್ಡಿಗೆ ಇನ್ನೂ ಮೈಯೇ ಬಂದಿಲ್ವಲ್ಲ.”

“ಲೆಕ್ಕ ಮುಗೀತು ಮಾಶಿ. ಮೀಟರಿಗೆ ಮೂರಡಿ ಚಿಲ್ರೆ. ಮೂರು ಚಿಲ್ರೇನ ಮೂರು ಚಿಲ್ರೇಲಿ ಗುಣಿಸಿದ್ರೆ ಹತ್ತೂ ಮುಕ್ಕಾಲು. ಗೊತ್ತಾಯ್ತಾ?”

ಅವಳು ಕೆಸರು ಮೆತ್ತಿದ ಬೆರಳು ಮಡಚಿದಳು. “ಉದ್ದಾನ ಅಡಿ ಮಾಡಿದ್ರಿ. ಅಗಲಾನೂ ಅಡಿ ಮಾಡಿದ್ರಿ. ಎತ್ತರಾನ ಮೀಟರಲ್ಲೇ ಬಿಟ್ರಲ್ಲ! ಅದನ್ನ ನಿಮ್ಮ ಮಾವ ಬಂದು ಗುಣಿಸ್ತಾನಾ?”

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಬಾಬು ಕೆಂಪಾದರು. “ಮಣ್ಣು ಹೊರೋದು ನಿನ್ನ ಕೆಲಸ. ಗಣಿತ ನನಗೆ ಬಿಡು.”

ಅವಳು ನನ್ನತ್ತ ತಿರುಗಿದಳು. “ಶ್ರೀದಾಮ್ ದಾದಾ, ನೀನಾದ್ರೂ ಹೇಳು.”

ಹತ್ತೊಂಬತ್ತು ವರ್ಷದಿಂದ ಅಳತೆ ಟೇಪು ಹಿಡಿದವನು ನಾನು. ಅವಳು ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ದಿನಗೂಲಿ ಹೋದೀತೆಂದು ಹೆದರಿ, ಟೇಪು ಸುತ್ತಿಕೊಂಡು ನಡೆದುಬಿಟ್ಟೆ.

ಇದ್ದ ಮಣ್ಣಿನಲ್ಲೇ ಎತ್ತರ ಉಳಿಸಿ ದಪ್ಪವನ್ನು ಕಡಿಮೆ ಮಾಡಿದರು. ಎದುರಿನಿಂದ ತೆಗೆದ ಫೋಟೊದಲ್ಲಿ ಒಡ್ಡು ಚೆನ್ನಾಗಿಯೇ ಇತ್ತು. ಅಮಾವಾಸ್ಯೆಯ ಉಬ್ಬರ ಏರಿದ್ದು ಹಾಡಹಗಲು, ಸುರಬಾಲಾ ಆಚೆ ದಡದ ಸಂತೆಯಲ್ಲಿದ್ದಾಗ. ಪಾರ್ಶ್ವವಾಯು ಬಡಿದಿದ್ದ ಅವಳ ಗಂಡ ಗಗನ್ ಮಂಚದ ಮೇಲೆಯೇ ಇದ್ದ. ಮೂರನೆಯ ದಿನ ಸಿಕ್ಕಿದ.

ತಮ್ಮ ತನಿಖಾ ವರದಿ ಓದಿದೆ. ‘ಅಸಾಧಾರಣ ಉಬ್ಬರ. ಆರುನೂರ ನಲವತ್ತು ಎಕರೆ ಮುಳುಗಡೆ.’ ಎಷ್ಟು ಆಳ ಮುಳುಗಿತು ಎಂಬುದು ಅದರಲ್ಲೂ ಇಲ್ಲ. ನೀರೂ ನಿಮ್ಮ ಮಟ್ಟಿಗೆ ಹಾಸಿದ ಚಾಪೆಯೇ? ಗಗನ್ ಎಕರೆಯಲ್ಲಿ ಸಾಯಲಿಲ್ಲ ಸ್ವಾಮಿ, ಐದೂವರೆ ಅಡಿ ನೀರಿನಲ್ಲಿ ಸತ್ತ.

ಈಗ ಒಡ್ಡನ್ನು ಮತ್ತೆ ಕಟ್ಟಲು ಹೊಸ ಅಂದಾಜು ಪಟ್ಟಿ ಬಂದಿದೆ. ಆರು ಸಾವಿರ ಘನ ಮೀಟರ್, ಪಕ್ಕದಲ್ಲಿ ಅರವತ್ತನಾಲ್ಕು ಸಾವಿರದ ಐನೂರ ಅರವತ್ತು ಘನ ಅಡಿ. ಮತ್ತೆ ಅದೇ 10.76. ಕೆಳಗೆ ತಮ್ಮ ಸಹಿ. ಸೋಮವಾರಕ್ಕೆ ಆರುನೂರ ನಲವತ್ತೈದು ಗುಂಡಿಯ ಲೆಕ್ಕ ಮುಗಿಯುತ್ತದೆ, ಕೆಲಸ ನಿಲ್ಲುತ್ತದೆ. ಬೇಕಾದದ್ದು ಎರಡು ಸಾವಿರದ ನೂರು ಗುಂಡಿಗೂ ಮೇಲೆ. ಈ ಒಡ್ಡಿನ ಹಿಂದೆ ನಾನೂರು ಮನೆಗಳಿವೆ. ನಿನ್ನೆ ಸುರಬಾಲಾ ಹೇಳಿದಳು: “ಅವರ ಲೆಕ್ಕ ಮುಗೀಲಿ ದಾದಾ, ನಾನು ಗುಂಡಿಯಿಂದ ಮೇಲೆ ಹತ್ತಲ್ಲ. ಬೇಕಾದ್ರೆ ನನ್ನನ್ನೇ ಎತ್ತಿ ಒಡ್ಡಿಗೆ ಹಾಕ್ಲಿ. ಅಷ್ಟು ಮಣ್ಣಾದ್ರೂ ಜಾಸ್ತಿ ಆಗುತ್ತೆ.”

ಭಾನುವಾರದೊಳಗೆ ಪಟ್ಟಿ ತಿದ್ದಿ: ಎರಡು ಲಕ್ಷ ಹನ್ನೊಂದು ಸಾವಿರದ ಎಂಟುನೂರು ಘನ ಅಡಿ. ತಿದ್ದುವುದಿಲ್ಲವಾದರೆ ಸೋಮವಾರ ತಾವೇ ದೋಣಿ ಹತ್ತಿ ಬನ್ನಿ. ಅಗೆಯುತ್ತಿರುವ ಆ ಹೆಂಗಸಿಗೆ ಇಷ್ಟು ಸಾಕು ಎಂದು ತಮ್ಮ ಬಾಯಿಂದಲೇ ಹೇಳಿ. ನಾನೂ ಅವಳ ಪಕ್ಕದಲ್ಲಿ ಗುದ್ದಲಿ ಹಿಡಿದು ನಿಂತಿರುತ್ತೇನೆ.

ಇಂತಿ,
ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದವನು,
ಶ್ರೀದಾಮ್ ಗಾಯೆನ್
ತಮ್ಮ ಅಳತೆ ತಂಡದ ದಿನಗೂಲಿ (ಈ ಪತ್ರ ತಮ್ಮ ಕೈಸೇರುವ ತನಕ)
ಚಾತಕ್‌ಖಾಲಿ