ಲಗ್ನಪತ್ರಿಕೆಯ ಅತ್ತೆ

ಹೊನ್ನಾಳಿ,
ಶುಕ್ರವಾರ, ೧೪-೧೧-೨೦೨೫

ನನ್ನ ಬಂಗಾರದ ಅಂಬಿಕಾಗೆ,

ನಿನ್ನ ಸೋದರತ್ತೆ ಗಂಗೋತ್ರಿ, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಬರೆಯುವುದು. ಹೇಗಿದ್ದೀ? ಬರೋಡದಲ್ಲಿ ಆಗಲೇ ಚಳಿಯಂತೆ. ಕೆಮ್ಮು ಹೋಯಿತೋ ಇಲ್ಲವೋ? ಕಾಗದದ ಧೂಳು, ಅಂಟಿನ ವಾಸನೆ ಕುಡಿದೂ ಕುಡಿದೂ ಕೆಮ್ಮು ಹತ್ತಿಸಿಕೊಂಡೆ. ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ ಕೇಳುವ ಪೈಕಿಯಲ್ಲ ನೀನು. ಆ ಕಲಾ ಶಿಬಿರದಲ್ಲಿ ಮೂರು ಹೊತ್ತೂ ಚಪಾತಿಯಂತೆ, ನಿಮ್ಮಮ್ಮ ಹೇಳಿದರು. ಮುದ್ದೆ ಕಾಣದೆ ನಿನ್ನ ಮುಖ ಎಷ್ಟು ಸಣ್ಣಗಾಗಿರಬಹುದು ಎಂದು ನನಗೆ ಇಲ್ಲಿಂದಲೇ ಗೊತ್ತು. ಗುರುವಾರ ದಾವಣಗೆರೆಗೆ ಬಂದಿಳಿದ ಮೇಲೆ ಮೊದಲು ಹೊಟ್ಟೆತುಂಬ ಉಣ್ಣು. ಆಮೇಲೆ ಈ ಕಾಗದ ಓದು.

ಫೋನ್ ಇರುವಾಗ ಅತ್ತೆಗೆ ಇದೇನು ಹುಚ್ಚು ಎನ್ನಬೇಡ. ಫೋನ್ ಮಾಡಿದರೆ ನಾನು ಬೈಯುತ್ತೇನೆ, ನೀನು ಅಳುತ್ತೀ, ನೀನು ಅಳಲು ಶುರುಮಾಡಿದರೆ ನಾನು ಸೋತೆ. ಚಿಕ್ಕವಳಿದ್ದಾಗಿನಿಂದ ನಿನ್ನದು ಇದೇ ಆಟ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದಕ್ಕೆ ಎದುರು ಮಾತಾಡಲು ಬರುವುದಿಲ್ಲ.

ನೋಡು, ಇಷ್ಟು ಬರೆಯುವಷ್ಟರಲ್ಲಿ ನಮ್ಮ ಬಸ್ಸಿನ ಡ್ರೈವರ್ ರಂಗಣ್ಣ ಹಾರ್ನ್ ಹೊಡೆದ, ಸೀಟಿ ಊದಿ ಹೊರಡಿಸಿದೆ. ಈಗ ನ್ಯಾಮತಿಗೆ ಬಂದಿದ್ದೇವೆ, ಗಾಡಿ ಬಿಡಲು ಇನ್ನೂ ಹೊತ್ತಿದೆ. ಅಕ್ಷರ ಸೊಟ್ಟಗಿದ್ದರೆ ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ ಎಂದು ತಿಳಿ. ಮೊನ್ನೆಯಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಿನ್ನೆ ಸೂರಗೊಂಡನಕೊಪ್ಪದಲ್ಲಿ ಇಳಿಯಬೇಕಾಗಿದ್ದ ಅಜ್ಜಿಯೊಬ್ಬಳನ್ನು ಮರೆತು ಮುಂದಿನ ಸ್ಟಾಪಿಗೆ ಒಯ್ದುಬಿಟ್ಟೆ. 'ಏನವ್ವಾ, ನಿನ್ ಗ್ಯಾನ ಎಲ್ಲೈತೆ?' ಎಂದು ಬೈದು ಇಳಿದಳು. ನನ್ನ ಗ್ಯಾನ ಎಲ್ಲಿತ್ತು ಎಂದು ಆಕೆಗೆ ಹೇಗೆ ಹೇಳಲಿ?

ನೀನು ಕಳಿಸಿದ ಫೋಟೊದಲ್ಲಿತ್ತು. 'ಅತ್ತೆ, ಇದು ನೀನೇ' ಎಂದು ಕೆಳಗೆ ಬರೆದಿದ್ದೆ. ಆಳೆತ್ತರದ ಹೆಂಗಸಿನ ಬೊಂಬೆ, ಸೊಂಟದಲ್ಲಿ ಟಿಕೆಟ್ ಮೆಷಿನ್, ಬಾಯಲ್ಲಿ ಸೀಟಿ. ಎಲ್ಲಾ ಬರೀ ಕಾಗದ. ಹಳೇ ಲಗ್ನಪತ್ರಿಕೆಗಳನ್ನು ಒಂದರ ಮೇಲೊಂದು ಅಂಟಿಸಿ ದಿಮ್ಮಿ ಮಾಡಿ, ಬಡಗಿ ಮರ ಕೆತ್ತುವ ಹಾಗೆ ಗರಗಸ, ಉಳಿ ಹಾಕಿ ಮಾಡುತ್ತೇನೆ ಎಂದು ಹಿಂದೆಯೇ ಹೇಳಿದ್ದೆಯಲ್ಲ. ಆದರೆ ಅದು ನಾನು ಎಂದು ಹೇಳಿರಲಿಲ್ಲ. ಒಂದು ಗಳಿಗೆ ಎದೆ ಉಬ್ಬಿತು ಕಣೆ, ಸುಳ್ಳು ಯಾಕೆ ಹೇಳಲಿ. ನಮ್ಮ ಹುಡುಗಿ ನನ್ನನ್ನು ಹೀಗೆ ಆಳೆತ್ತರ ನಿಲ್ಲಿಸಿದ್ದಾಳೆ ಎಂದು ಜಂಬದಿಂದ ರಂಗಣ್ಣನಿಗೂ ತೋರಿಸಿದೆ. ಅವನು ಎರಡು ಬೆರಳಿನಿಂದ ಫೋಟೊ ಹಿಗ್ಗಿಸಿ, 'ಗಂಗಕ್ಕಾ, ತೋಳಿನ ಮ್ಯಾಲೆ ಏನೋ ಅಕ್ಷರ ಐತಲ್ರೀ. ಚಿರಂಜೀವಿ ದುರುಗೇಶ ಅಂತೈತೆ, ಯಾರ್ರೀ ಅದು?' ಎಂದ. ಫೋನ್ ಕಿತ್ತುಕೊಂಡು ಬ್ಯಾಗಿನೊಳಗೆ ತುರುಕಿದೆ.

ಮನೆಗೆ ಬಂದು ನಿಮ್ಮಮ್ಮನಿಗೆ ಫೋನ್ ಮಾಡಿ ಕೇಳಿದೆ. ಅಟ್ಟದ ಮೇಲೆ ಗೊಬ್ಬರದ ಚೀಲದಲ್ಲಿ ಕಟ್ಟಿಟ್ಟಿದ್ದ ನನ್ನ ಲಗ್ನಪತ್ರಿಕೆಗಳನ್ನು ಯುಗಾದಿಗೆ ಬಂದಾಗ ನೀನೇ ಕೇಳಿ ಒಯ್ದೆಯಂತೆ. ಒಂದನ್ನೂ ಹಂಚಿರಲಿಲ್ಲ. ಮೇಲೆ ಶ್ರೀ ಅಂತರಘಟ್ಟಮ್ಮ ಪ್ರಸನ್ನ ಎಂದು ಅಚ್ಚಾಗಿದೆ, ಮೂಲೆಗೆ ಅರಿಶಿನ ಬೇರೆ ಹಚ್ಚಿದ್ದರು. ಅಂಥದ್ದನ್ನು ಕಸಕ್ಕೆ ಹಾಕುವ ಹಾಗಿಲ್ಲ, ಒಲೆಗೆ ಹಾಕುವ ಹಾಗಿಲ್ಲ. 'ಅಂಬಿ ತಗಂಡೋದ್ರೆ ಹೋಗ್ಲಿ, ನನಗೂ ಅಟ್ಟ ಹತ್ತಿದಾಗೆಲ್ಲಾ ಕರುಳು ಚುರ್ ಅನ್ನಾದು ತಪ್ತೈತೆ ಅಂತ ಕೊಟ್ಟೆ' ಎಂದರು ಅತ್ತಿಗೆ. ಅವರನ್ನು ಏನೆಂದು ಬೈಯಲಿ?

ಆ ಕಥೆ ನಿನಗೆ ಅರ್ಧಂಬರ್ಧ ಗೊತ್ತು. ಪೂರ್ತಿ ಕೇಳು. ಜಗಳೂರು ಕಡೆಯ ಸೊಕ್ಕೆ ಊರಿನ ದುರುಗೇಶನಿಗೂ ನನಗೂ ಲಗ್ನ ನಿಕ್ಕಿಯಾಗಿತ್ತು. ಪ್ರೆಸ್ಸಿನಿಂದ ಪತ್ರಿಕೆ ಬಂದ ವಾರವೇ ನನಗೆ ಕಂಡಕ್ಟರ್ ಕೆಲಸದ ಆರ್ಡರ್ ಬಂತು. ಅವರ ಮನೆಯವರು ಓಡಿಬಂದು ಪಡಸಾಲೆಯಲ್ಲಿ ಕೂತು, 'ಗಂಡಸರ ಮಧ್ಯ ಜೋತಾಡೋ ಕೆಲ್ಸ ನಮ್ಮನಿ ಸೊಸಿ ಮಾಡಾಕೆ ಆಗಲ್ರೀ' ಎಂದರು. ದುರುಗೇಶ ತಲೆ ಎತ್ತಲಿಲ್ಲ. ಎತ್ತಿ ಒಂದು ಮಾತು ಆಡಿದ್ದರೆ ಏನಾಗುತ್ತಿತ್ತೋ. ನಾನೇ ಒಳಗಿನಿಂದ ಬಂದು, 'ಹಂಗಾದ್ರೆ ಲಗ್ನ ಬ್ಯಾಡ ಬಿಡ್ರಿ, ನಾನು ಕೆಲಸಕ್ಕೆ ಹೋಗ್ತೀನಿ' ಎಂದೆ. ನಡೆದದ್ದು ಇಷ್ಟೇ. ಊರವರ ಬಾಯಲ್ಲಿ ಮಾತ್ರ ಗಂಡಿನವರು ಬಿಟ್ಟುಹೋದರು ಎಂದಾಯಿತು. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುತ್ತದೆಯೇ? ಆ ಪತ್ರಿಕೆಯ ಕೆಳಮೂಲೆಯಲ್ಲಿ ನಿನ್ನದೂ ಒಂದು ಸಾಲು ಇತ್ತು, ಎಲ್ಲರೂ ಮನೆಯ ಮಕ್ಕಳ ಹೆಸರಿನಲ್ಲಿ ಹಾಕಿಸುತ್ತಾರಲ್ಲ, ಹಾಗೆ. 'ನಮ್ಮತ್ತೆ ಮದುವೆಗೆ ತಪ್ಪದೇ ಬನ್ನಿ - ಕು. ಅಂಬಿಕಾ.' ನಿಮ್ಮಪ್ಪ ತಾನೇ ಪ್ರೆಸ್ಸಿಗೆ ಹೋಗಿ ಹೇಳಿ ಹಾಕಿಸಿದ್ದ. ನಿನಗಾಗ ಎರಡು ವರ್ಷ, ಅತ್ತೆ ಎನ್ನಲು ಬಾರದೆ 'ಅಚ್ಚೆ, ಅಚ್ಚೆ' ಎನ್ನುತ್ತಿದ್ದೆ.

ಈಗ ಹೇಳು ತಾಯಿ. ಬೇಡ ಎಂದವಳು ನಾನು. ನೀನು ಬಂದ ಮೇಲಿನ ಭಾನುವಾರ ದಾವಣಗೆರೆಯಲ್ಲಿ ನಿನ್ನ ಪ್ರದರ್ಶನಕ್ಕೆ ಬಂದವರು ಏನನ್ನುತ್ತಾರೆ? 'ಪಾಪ, ಇನ್ನೂ ಅವನ ಹೆಸ್ರೇ ಮೈತುಂಬಾ ಹೊತ್ಕಂಡು ನಿಂತಾಳೆ' ಎನ್ನುತ್ತಾರೆ. ಆ 'ಪಾಪ' ಎಂಬ ಮಾತು ಕಿವಿಗೆ ಬೀಳಬಾರದೆಂದೇ ನಾನು ಬಸ್ಸಿನಲ್ಲಿ ಗಂಟಲು ಹರಿದುಕೊಂಡು ಜೋರು ಬಾಯಿಯವಳು ಅನ್ನಿಸಿಕೊಂಡು ಬದುಕಿದ್ದು. ನನ್ನದು ಹೋಗಲಿ, ಬೊಮ್ಮಕ್ಕನ ಗತಿ ಏನು? ದುರುಗೇಶನ ಹೆಂಡತಿ. ನನಗೆ ಜಗಳೂರು ರೂಟ್ ಇದ್ದಾಗ ನನ್ನ ಬಸ್ಸಿಗೇ ಹತ್ತುತ್ತಿದ್ದಳು. ಯಾರು ಏನು ಎಂದು ಇಬ್ಬರಿಗೂ ಗೊತ್ತು, ಇಬ್ಬರೂ ಬಾಯಿ ಬಿಡಲಿಲ್ಲ. ಒಂದು ದಿನ ಇಳಿಯುವಾಗ 'ಅಕ್ಕಾರೆ, ನಿಮ್ಮನ್ನ ನೋಡಿದ್ರೆ ನನಗ್ಯಾಕೋ ಖುಷಿ ಆಗ್ತೈತ್ರೀ' ಎಂದು ಒಂದು ಹಿಡಿ ಹುರಿದ ಶೇಂಗಾ ನನ್ನ ಕೈಗೆ ಸುರಿದು ಹೋದಳು. ಅಂಥವಳು ತನ್ನ ಗಂಡನ ಹೆಸರನ್ನು ನನ್ನ ಮೈಮೇಲೆ ನೋಡಬೇಕೆ? ಜಗಳೂರಿಗೂ ದಾವಣಗೆರೆಗೂ ಎಷ್ಟು ದೂರ ಮಹಾ!

ಆದ್ದರಿಂದ ನೀನು ಬಂದ ಕೂಡಲೇ ಅವನ ಹೆಸರು ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲಾ ಕೆರೆದು ತೆಗೆ. ಆಗದಿದ್ದರೆ ಆ ಬೊಂಬೆಯನ್ನು ಪ್ರದರ್ಶನಕ್ಕೆ ಇಡಲೇಬೇಡ. ಇದು ನಿನ್ನ ಮೊದಲ ಪ್ರದರ್ಶನ, ಯುಗಾದಿಯಿಂದ ಇದೊಂದಕ್ಕೇ ಕೈ ಸವೆಸಿದ್ದೀ, ಎಲ್ಲಾ ಗೊತ್ತು. ಗೊತ್ತಿದ್ದೇ ಹೇಳುತ್ತಿದ್ದೇನೆ, ನನಗೇನು ಸುಖವೇ?

ಬೈದೆನೆಂದು ಊಟ ಬಿಟ್ಟು ಕೂರಬೇಡ. ಅಪ್ಪ, ಅಮ್ಮ ಚೆನ್ನಾಗಿದ್ದಾರೆ. ಅಪ್ಪನ ಮಂಡಿನೋವು ಹಾಗೇ ಇದೆ, ಮಾತ್ರೆ ನುಂಗು ಎಂದರೆ ನನಗೇ ತಿರುಗಿ ಬೈಯುತ್ತಾನೆ. ಅಂತರಘಟ್ಟಮ್ಮ ನಿನ್ನ ಕೈಗೆ ಇನ್ನಷ್ಟು ಕಸುವು ಕೊಡಲಿ, ತಲೆಗೂ ಒಂದಿಷ್ಟು ಬುದ್ಧಿ ಕೊಡಲಿ.

ನಿನ್ನ ಮೇಲೆ ಸಿಟ್ಟಿರುವ, ನಿನ್ನನ್ನು ಬಿಟ್ಟು ಇರಲಾರದ
ಅತ್ತೆ
ಗಂಗೋತ್ರಿ

ಕಡೆಗೊಂದು ಮಾತು. ಮಂಗಳವಾರ, ದಾವಣಗೆರೆ, ನಿನ್ನ ಕೆಲಸದ ರೂಮಿನಿಂದ. ಇವತ್ತು ನನಗೆ ವಾರದ ರಜೆ. ಈ ಕಾಗದವನ್ನು ನಿನ್ನ ಗೆಳೆಯ ಮೈಲಾರಿಯ ಕೈಗೆ ಕೊಟ್ಟು ಹೋಗೋಣವೆಂದು ಬಂದೆ. ಬ್ಯಾಗಿನಲ್ಲಿ ಒಂದು ಬ್ಲೇಡೂ ಇತ್ತು. ಅವನು ಬೀಗ ತೆಗೆದು, 'ಕೂತ್ಕಳ್ರಿ ಅತ್ತೆ' ಎಂದು ಟೀ ತರಲು ಹೋದ. ನಾನು ಆ ಬೊಂಬೆಯ ಮೊಣಕೈ ಹಿಡಿದು ಕೆರೆದೇಬಿಟ್ಟೆ. ದುರುಗೇಶ ಹೋದ. ಕೆಳಗಿನ ಪತ್ರಿಕೆಯಲ್ಲಿ ಮತ್ತೆ ದುರುಗೇಶ. ಅದನ್ನೂ ಕೆರೆದೆ, ಮತ್ತೆ ಅವನೇ. ಎಲ್ಲಾ ಒಂದೇ ಪತ್ರಿಕೆಯಲ್ಲವೇ, ನನ್ನ ಬುದ್ಧಿಗಿಷ್ಟು! ರೇಗಿ ಜೋರಾಗಿ ಎಳೆದೆ, ಒಂದು ಚಕ್ಕೆ ಕಿತ್ತುಬಂತು. ಅದರಡಿಯಲ್ಲಿ ನಿನ್ನ ಸಾಲು ಇತ್ತು ಅಂಬಿ. ಅರಿಶಿನದ ಕಲೆಯ ಪಕ್ಕದಲ್ಲೇ, 'ನಮ್ಮತ್ತೆ ಮದುವೆಗೆ ತಪ್ಪದೇ ಬನ್ನಿ.' ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆ ದಿನ ಪಡಸಾಲೆಯಲ್ಲಿ ಅಳದೇ ಇದ್ದದ್ದೂ ಸೇರಿ ಬಂತೇನೋ. ಆಮೇಲೆ ಕಣ್ಣೊರೆಸಿಕೊಂಡು ಅವಳನ್ನು ಸರಿಯಾಗಿ ನೋಡಿದೆ. ಎಡಗಾಲು ಮುಂದೆ ಚಾಚಿ, ಗದ್ದ ಎತ್ತಿ, ಇನ್ನೇನು ಸೀಟಿ ಊದಬೇಕು, ಹಾಗೆ ನಿಂತಿದ್ದಾಳೆ. ಇವಳು ಯಾರಿಗೂ ಕಾಯುತ್ತಿಲ್ಲ ಕಣೆ. ಹತ್ತುವವರು ಹತ್ತಲಿ, ಗಾಡಿ ಹೊರಟಿತು ಎನ್ನುತ್ತಿದ್ದಾಳೆ. ಇವಳನ್ನು ನೋಡಿಯೂ ಪಾಪ ಎನ್ನುವವರು ಎನ್ನಲಿ. ಹೆಸರು ಇರಲಿ, ಬೊಮ್ಮಕ್ಕನಿಗೆ ನಾನೇ ಹೋಗಿ ಮುಂಚೆಯೇ ಹೇಳುತ್ತೇನೆ. ಮೊಣಕೈಗೆ ತೇಪೆ ಹಾಕಬೇಡ, ನಿನ್ನ ಸಾಲು ಬಾಗಿಲಿನ ಕಡೆಗೆ ಕಾಣುವಂತೆ ನಿಲ್ಲಿಸು. ಮೈಲಾರಿ ಟೀ ತಂದ, ಮುಗಿಸುತ್ತೇನೆ. ಅವತ್ತು ನೀನು ಅಷ್ಟು ಮಂದಿಯನ್ನು ಕರೆದಿದ್ದೆ, ಒಬ್ಬರಿಗೂ ಆ ಕರೆ ಮುಟ್ಟಲಿಲ್ಲ. ನನಗೆ ಇವತ್ತು ಮುಟ್ಟಿತು. ಭಾನುವಾರ ತಪ್ಪದೇ ಬರುತ್ತೇನೆ.