ರೇಡಿಯೋ ಮೇಲಿನ ಗಂಧ

ಸೆಪ್ಟೆಂಬರ್ 9, ಮಂಗಳವಾರ. ಮಧ್ಯಾಹ್ನ

ಹಳೆ ರೇಡಿಯೋದ ವಾಲ್ಯೂಮ್ ನಾಬ್ ಮುಗಿಯಿತು. ಕೊರೆದ ಅಕ್ಷರದೊಳಗೆ ಬಿಳಿ ಎನಾಮಲ್ ತುಂಬಿ, ತುಸು ಆರಲು ಬಿಟ್ಟು, ರಟ್ಟಿಗೆ ಸುತ್ತಿದ ಬಟ್ಟೆಯಿಂದ ಮೇಲಷ್ಟೇ ಒರೆಸುವುದು. ಬೇಗ ಒರೆಸಿದರೆ ಅಕ್ಷರವೂ ಎದ್ದು ಬರುತ್ತದೆ. ತಡವಾದರೆ ಸುತ್ತಲಿನದು ಅಂಟಿ ಕೂರುತ್ತದೆ. ಬಿ.ಎಸ್ಸಿ.ಯಲ್ಲಿ ಎಲೆ, ಬೇರು, ಹೂವಿನ ಚಿತ್ರ ಬರೆದ ಕೈ. ಈಗ ಇದಕ್ಕೆ ಉಪಯೋಗಕ್ಕೆ ಬಂತು.

ಮಗು ಅತ್ತೆಯ ಹತ್ತಿರ. ಊಟದ ನಂತರದ ಹೊತ್ತು ಅವರದು. ಸುಮೇಧಾಳನ್ನು ಕಾಲ ಮೇಲೆ ಹಾಕಿಕೊಂಡು, ಮರಾಠಿಯಲ್ಲಿ ಏನೋ ಗುನುಗುತ್ತ ಮಲಗಿಸುತ್ತಾರೆ. ನನಗೆ ಅರ್ಧ ಹೊತ್ತು ಕೆಲಸ, ಅರ್ಧ ಹೊತ್ತು ನಿದ್ದೆ. ಇಡೀ ದಿನಕ್ಕೆ ಇದೊಂದೇ ನಿದ್ದೆ. ರಾತ್ರಿ ಅವಳು ಮಲಗಿದರೂ ನಾನು ಮಲಗುವುದಿಲ್ಲ — ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡುತ್ತಿರುತ್ತೇನೆ.

ಬಸ್ ಸ್ಟ್ಯಾಂಡ್ ಹತ್ತಿರದ ರೇಡಿಯೋ ಅಂಗಡಿಯ ನಬಿಲಾಲರು ಇಂಡಿ ಊರಿನ ಒಬ್ಬ ವಕೀಲರ ಟ್ರಾನ್ಸಿಸ್ಟರ್ ತಂದಿಟ್ಟರು. ಒಳಗಿನ ರಿಪೇರಿ ಅವರದು, ಹೊರಗಿನ ಮುಖ ನನ್ನದು.

"ಬಾಯಾರ, ಒಳಗ ಎಲ್ಲಾ ಬರೋಬ್ಬರಿ ಐತ್ರಿ. ಮಾರಿ ಮ್ಯಾಲ ಮಾತ್ರ ಒಂದಕ್ಷರ ಉಳದಿಲ್ರಿ. ವಕೀಲರು ಮೀಡಿಯಂ ಅಂತ ಶಾರ್ಟ್ ವೇವ್ ಹಚ್ಚಿ ಕುಂದರ್ತಾರ. ಬರೇ ಗರ್ ಅಂತೈತಿ ಅಂತ ನನಗ ಬೈತಾರ."

ಸೆಪ್ಟೆಂಬರ್ 14, ರವಿವಾರ

ಅತ್ತೆ ಬಸವನ ಬಾಗೇವಾಡಿಗೆ ಹೋಗಿದ್ದಾರೆ, ತಂಗಿಯ ಮನೆಗೆ. ಇವರಿಗೆ, ಸುಧೀರರಿಗೆ, ಕಾಲೇಜು ರಜೆ. ಕಪಾಟಿನ ಮೇಲಿನಿಂದ ಮಾವನವರ ರೇಡಿಯೋ ಇಳಿಸಿದರು.

"ಆಯಿ ಬರೋದ್ರೊಳಗ ಹೊಸಾದು ಮಾಡಿಬಿಡು. ಈ ಸಲ ಖಂಡೇಪೂಜಾಕ್ಕ ಇಡೋಣು. ಖುಷಿ ಆಗ್ತಾಳ."

ಮಾವ ತೀರಿಕೊಂಡದ್ದರಿಂದ ಹೋದ ವರ್ಷ ಹಬ್ಬವಿರಲಿಲ್ಲ. ಅವರು ಪ್ರತಿ ವರ್ಷ ಆಯುಧಪೂಜೆಯ ನವಮಿಗೆ ಈಳಿಗೆ, ಕತ್ತರಿ, ಸ್ಕೂಟರ್ ಜೊತೆ ಈ ರೇಡಿಯೋಕ್ಕೂ ಗಂಧ, ಕುಂಕುಮ ಹಚ್ಚುತ್ತಿದ್ದರಂತೆ. ಟ್ಯೂನಿಂಗ್ ನಾಬಿನ ಪಕ್ಕ, ಅದೇ ಜಾಗ. ವರ್ಷದ ಮೇಲೆ ವರ್ಷ ಕೂತು ಪದರು ಕಟ್ಟಿತ್ತು. ಸ್ಟೇಷನ್ನುಗಳ ಹೆಸರುಗಳು ಅರ್ಧ ಅದರಡಿ ಮುಚ್ಚಿಹೋಗಿದ್ದವು.

"ಗಂಧ ಇರ್ಲೇನ್ರಿ?"

"ಮತ್ತ ಹೊಸಾದು ಹೆಂಗ ಕಾಣಸ್ತದ? ತೆಗಿ ಅದನ್ನ."

"ಅತ್ತ್ಯಾರು ಏನರೆ ಅಂದ್ರ?"

"ಏನಂತಾಳ? ತೆಗಿ ಅಂದೆ ಅಲ್ಲ."

ಮೊದಲು ಹೇಗಿತ್ತು, ಆಮೇಲೆ ಹೇಗಾಯಿತು ಎಂದು ತೋರಿಸಲು ಒಂದು ಫೋಟೋ ತೆಗೆದರು. ಮಗುವನ್ನು ಎತ್ತಿಕೊಂಡು ಹೊರಗೆ ಹೋದರು.

ಬೆಚ್ಚಗಿನ ನೀರು, ಇಯರ್‌ಬಡ್. ಕೆಂಪು ಎದ್ದಿತು, ಕೆಳಗೆ ಹಳದಿ, ಅದರ ಕೆಳಗೆ ಮತ್ತೆ ಕೆಂಪು. ಧಾರವಾಡ ಬಂತು. ಪುಣೆ ಬಂತು. ಪೂರ್ತಿ ಅಳಿಸಿಹೋಗಿದ್ದ ಮುಂಬೈಯನ್ನು ಸೊನ್ನೆ ನಂಬರ್ ಬ್ರಶ್ಶಿನಿಂದ ನಾನೇ ಬರೆದೆ. ಚೆಂದ ಆಯಿತು. ಹೆಮ್ಮೆಯೂ ಆಯಿತು.

ಸೆಪ್ಟೆಂಬರ್ 16. ಸಂಜೆ

ಅತ್ತೆ ಬಂದರು. ಕೈಚೀಲ ಇನ್ನೂ ಇಳಿಸಿರಲಿಲ್ಲ, ಸುಧೀರ ರೇಡಿಯೋ ಮುಂದೆ ಹಿಡಿದರು. ಅತ್ತೆಯ ಬೆರಳು ಸೀದಾ ನಾಬಿನ ಪಕ್ಕಕ್ಕೆ ಹೋಯಿತು.

"ಇಲ್ಲೆ ಅವರ ಬೆರಳಿತ್ತಲ್ಲ?"

ಅತ್ತೆ ಕೈಚೀಲ ಕೆಳಗಿಟ್ಟರು.

"ಕಡೀ ಸಲ ಹಚ್ಚುವಾಗ ಕೈ ನಡಗತಿತ್ತು ಅವರಿಗೆ. ನಾ ಮೊಣಕೈ ಹಿಡದಿದ್ದೆ. ಗಂಧ ಸೊಟ್ಟ ಆತು ಅಂತ ನಕ್ರು... ಯಾರು ತೆಗದ್ರು ಇದನ್ನ?"

ನಾನು ಸುಧೀರರ ಮುಖ ನೋಡಿದೆ. ಸುಧೀರ ಫೋನ್ ನೋಡಿದರು.

"ವೃಂದಾ ಸ್ವಚ್ಛ ಮಾಡ್ಯಾಳ, ಆಯಿ."

ಅಷ್ಟೇ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ.

ಸೆಪ್ಟೆಂಬರ್ 19

ಅತ್ತೆ ಮಗುವನ್ನು ತೆಗೆದುಕೊಳ್ಳುತ್ತಿಲ್ಲ. ಮೊಣಕಾಲು ನೋವಂತೆ. ತುಳಸಿಗೆ ಸುತ್ತು ಹಾಕುವಾಗ ನೋಯದ ಮೊಣಕಾಲು. ಬೆಳಿಗ್ಗೆ ಪಕ್ಕದ ಮನೆಯ ತಿಪ್ಪವ್ವನ ಹತ್ತಿರ, ನನಗೆ ಕೇಳಿಸುವ ಹಾಗೆ —

"ಕಲತಾಕಿ ನಮ್ಮ ಸೊಸಿ. ಎಲ್ಲಾ ತಿಕ್ಕಿ ತೊಳದು ಹೊಳಿಯೂ ಹಂಗ ಮಾಡ್ತಾಳ."

"ಪುಣ್ಯಾ ಮಾಡೀರಿ, ರಂಗೂಬಾಯಾರ. ನಮ್ಮಾಕಿಗೆ ಒಂದು ಗಂಗಾಳ ತೊಳ್ಯಾಕ ಬರೂದಿಲ್ಲ."

ಮಗು ತೊಟ್ಟಿಲಲ್ಲಿ, ನಾನು ಕಿಟಕಿಯಲ್ಲಿ. ಥಿನ್ನರ್ ವಾಸನೆ ಅವಳಿಗೆ ಹೋದೀತೆಂದು ಅರ್ಧಕ್ಕೇ ಡಬ್ಬಿ ಮುಚ್ಚುವುದು. ಕೈ ತೊಳೆದು, ಮೂಸಿ ನೋಡಿ, ಮತ್ತೆ ತೊಳೆದು ಹಾಲು ಕುಡಿಸುವುದು. ಬರುವಷ್ಟರಲ್ಲಿ ಬಣ್ಣ ಆರಿ ಕೂತಿರುತ್ತದೆ. ವಕೀಲರ ಸೆಟ್ಟಿನ ಅಕ್ಷರ ಮತ್ತೆ ಕೆಟ್ಟಿತು. ಕಣ್ಣು ಮುಚ್ಚಿದರೆ ಬಿದ್ದುಬಿಡುತ್ತೇನೆ ಅನ್ನಿಸುತ್ತದೆ.

ಇವರಿಗೆ ಹೇಳಿದೆ: "ನಾನಽ ತೆಗಿ ಅಂದಿದ್ದೆ ಅಂತ ಒಂದು ಮಾತು ಅಂದುಬಿಡ್ರಿ. ಅಷ್ಟು ಸಾಕು."

"ಅಂತೀನಿ. ಆಯಿ ಸಿಟ್ಟು ಇಳೀಲಿ."

ಸಿಟ್ಟು ಇಳಿದ ಮೇಲೆ ಹೇಳಿ ಏನು ಪ್ರಯೋಜನ!

ಸೆಪ್ಟೆಂಬರ್ 26

ನಬಿಲಾಲರು ನಾಬುಗಳನ್ನು ಬೆಳಕಿಗೆ ಹಿಡಿದರು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಬಾಯಾರ. ಅಕ್ಷರ ಕುಡದು ನಿಂತಂಗ ನಿಂತಾವ್ರಿ."

ನಗಲು ಹೋದೆ. ಅಳು ಬಂತು. ಅವರು ಗಾಬರಿಯಾದರು. "ಇರ್ಲಿ ಬಿಡ್ರಿ, ವಕೀಲರಿಗೂ ಕಣ್ಣು ಅಷ್ಟಕ್ಕಷ್ಟ" ಎಂದರು. ನಾಬುಗಳನ್ನು ಮೇಜಿನ ಮೇಲಿಟ್ಟು: "ಸಿಂದಗ್ಯಾಗ ಒಬ್ಬಾಂವ ಸ್ಟಿಕರ್ ಮಾಡಿ ಹಚ್ಚಿ ಕೊಡ್ತಾನ್ರಿ. ಸದ್ಯಕ್ಕ ಅವನ ಕಡೆ ಒಯ್ತೇನಿ. ನೀವು ಕೂಸಿನ್ನ ನೋಡ್ಕೋರಿ."

ಸದ್ಯಕ್ಕೆ. ಎಲ್ಲ ಸೆಟ್ಟುಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋದರು. ಮೇಜು ಖಾಲಿ.

ಸೆಪ್ಟೆಂಬರ್ 28, ರವಿವಾರ

ಸುಧೀರರ ಉಪಾಯ.

"ಫೋಟೋ ಅದ ಅಲ್ಲ? ಅದನ್ನ ನೋಡಿಕೋತ ಹಂಗಽ ಒಂದು ಗಂಧ ಹಚ್ಚಿಬಿಡು. ಪೂರ್ತಿ ಹೋಗಿರಲಿಲ್ಲ, ಮತ್ತ ಕಂಡದ ಅಂತ ನಾ ಆಯಿಗೆ ಹೇಳ್ತೀನಿ."

"ಸುಳ್ಳು ಹೇಳ್ಲಿಕ್ಕೆ ಬಾಯಿ ಬರ್ತದ. ಖರೇ ಹೇಳ್ಲಿಕ್ಕೆ ಬರೂದಿಲ್ಲೇನ್ರಿ?"

"ವಾದ ಬ್ಯಾಡ. ಮನ್ಯಾಗ ಶಾಂತಿ ಬೇಕೋ ಬ್ಯಾಡೋ?"

ಅವರು ಹೊರಗೆ ಹೋದ ಮೇಲೆ ಸಾಣೆಕಲ್ಲಿನ ಮೇಲೆ ಗಂಧ ತೇಯ್ದೆ. ಯಾಕೆ ತೇಯ್ದೆನೋ. ಒಂದು ಕಪ್ಪು ಪ್ಲಾಸ್ಟಿಕ್ ತುಂಡು, ಪಕ್ಕದಲ್ಲಿ ಫೋಟೋ, ಬ್ರಶ್ಶು. ಸೊಟ್ಟಗಿನ ಬಾಲ, ನಡುಗಿದ ಅಂಚು... ಬಂತು. ಇಷ್ಟು ದಿನ ಒಂದಕ್ಷರ ನೆಟ್ಟಗೆ ಬರೆಯದ ಕೈಯಲ್ಲಿ ಇದು ಬಂತು. ಅವರ ನಡುಕಕ್ಕೆ ನಿದ್ದೆಗೆಟ್ಟ ನನ್ನ ನಡುಕ ಕೂಡಿತೋ ಏನೋ. ಮಾವ ಈಗಷ್ಟೇ ಕೈ ತೆಗೆದ ಹಾಗಿತ್ತು. ಹೆದರಿ ನಲ್ಲಿಯ ಕೆಳಗೆ ಹಿಡಿದೆ.

ಸಂಜೆ ಇವರಿಗೆ ಹೇಳಿದೆ: "ಆಗೂದಿಲ್ಲ." ಮಾತು ಬಿಟ್ಟಿದ್ದಾರೆ.

ಅಕ್ಟೋಬರ್ 1. ಖಂಡೇನವಮಿ

ಪೂಜೆಗೆ ಸುಧೀರ ಕೂತರು. ಈಳಿಗೆಗೆ, ಕತ್ತರಿಗೆ, ಸ್ಕೂಟರಿಗೆ ಗಂಧ. ರೇಡಿಯೋ ಹತ್ತಿರ ಕೈ ಬಂದಾಗ ಅತ್ತೆ "ಅದಕ್ಕ ಬ್ಯಾಡ" ಎಂದರು. ಇವರ ಬೆರಳು ಅಲ್ಲೇ ನಿಂತಿತು. ಈಗಲಾದರೂ ಹೇಳುತ್ತಾರೆ ಅಂದುಕೊಂಡೆ. ಬೆರಳು ಒರೆಸಿಕೊಂಡರು.

ಅಡುಗೆಮನೆಯಲ್ಲಿ ನಾನೇ ಬಾಯಿ ಬಿಟ್ಟೆ. ಅತ್ತೆ ಹೋಳಿಗೆ ಬೇಯಿಸುತ್ತಿದ್ದರು.

"ಅತ್ತ್ಯಾರ, ಗಂಧ ತೆಗಿ ಅಂತ ಹೇಳಿದ್ದು ಇವರು. ಇರ್ಲೇನ್ರಿ ಅಂತ ನಾ ಕೇಳಿದ್ದೆ."

ಹೋಳಿಗೆ ತಿರುವಿ ಹಾಕಿದರು.

"ಗೊತ್ತದ."

"ಯಾವಾಗಿಂದ?"

"ಅವತ್ತಽ. ಸಣ್ಣಾಂವಿದ್ದಾಗಿಂದ ನೋಡೀನಿ. ತಾನು ಮಾಡಿದ್ದು ಕೇಳಿದ್ರ ಮಾರಿ ಎತ್ತೂದಿಲ್ಲ ಅಂವಾ."

"ಮತ್ತ ನನ್ನ ಮ್ಯಾಲ ಯಾಕ..."

"ಅಂವಗ ಏನನ್ಲಿ? ಇರಾಂವ ಒಬ್ಬ. ನಾಳೆ ನನ್ನ ಬಾಯಾಗ ನೀರು ಬಿಡಾಂವ." ತುಪ್ಪ ಸವರಿದರು. "ಸಿಟ್ಟಂತೂ ಬಂದಿತ್ತು ನನಗ. ಯಾರ ಮ್ಯಾಲರೆ ಹಾಕಬೇಕಲ್ಲ. ನೀ ಎಲ್ಲಿ ಹೋಗ್ತಿ?"

ಬೈಗುಳವಲ್ಲ. ಹಾಲು ಕಾಯಿತು ಅಂದ ಹಾಗೆ ಅಂದರು.

ಅದೇ ದಿನ. ಊಟದ ಮೇಲೆ

ಅತ್ತೆ ಜಮಖಾನೆ ಹಾಸಿ, ಕಾಲು ಚಾಚಿ ಕೂತು ಕರೆದರು. "ತಾ ಕೂಸಿನ್ನ. ಕಣ್ಣು ನೋಡು ಹೆಂಗಾಗ್ಯಾವ. ಹೋಗು, ಮಲಕೋ."

ಇಷ್ಟು ದಿನ ಕಾದ ಮಾತು. ಸುಮೇಧಾ ಆ ಕಡೆ ಕೈ ಚಾಚಿದಳು. ನಾನು ಕೊಡಲಿಲ್ಲ.

"ಇರ್ಲಿ ಬಿಡ್ರಿ. ನಿಮ್ಮ ಮೊಣಕಾಲು ನೋಯ್ತಾವ."

ಒಳಗೆ ಬಂದು ಚಿಲಕ ಹಾಕಿದೆ. ಅವಳು ಅಜ್ಜಿ ಬೇಕೆಂದು ಚೀರುತ್ತಿದ್ದಾಳೆ. ಸುಧೀರ ಬಾಗಿಲು ತಟ್ಟುತ್ತಿದ್ದಾರೆ — "ವೃಂದಾ, ಹಬ್ಬದ ದಿನ ಏನಿದು? ನಾ ಏನು ಮಾಡೀನಿ?" ತೆರೆಯುವುದಿಲ್ಲ. ತೆರೆದರೆ ಮಗುವನ್ನು ಕೊಟ್ಟುಬಿಡುತ್ತೇನೆ. ಏನೂ ಆಗಿಲ್ಲ ಅಂದುಬಿಡುತ್ತೇನೆ. ಅಷ್ಟು ನಿದ್ದೆ ಬರುತ್ತಿದೆ, ಪೆನ್ನು ಕೈಯಿಂದ ಜಾರುತ್ತಿದೆ, ಅಷ್ಟು...