ಅಜ್ಜನ ಬಂದೂಕಿಗೆ ವಾರ್ನಿಷ್

ಮಾರ್ಚ್ ೯, ಭಾನುವಾರ

ಮೈಯೆಲ್ಲ ಇನ್ನೂ ಉರಿಯುತ್ತಿದೆ. ಕೇಳಿದ ತಕ್ಷಣ ನಮ್ಮ ಯಜಮಾನರು ತಮ್ಮನಿಗೆ ಬೀರುವಿನ ಬೀಗದ ಕೈ ಕೊಟ್ಟುಬಿಟ್ಟರಂತೆ. ಮೈದುನ ಮಹಾಶಯ ನನ್ನಜ್ಜನ ಬಂದೂಕನ್ನು ಉಪ್ಪುಕಾಗದದಿಂದ ತಿಕ್ಕಿ, ಮರಕ್ಕೆ ವಾರ್ನಿಷ್ ಬಳಿದಿಟ್ಟಿದ್ದಾನೆ. ನಳಿಗೆಗೆ ಆ ಕಂದು ಬಣ್ಣ ಬರಲು ಎರಡು ತಲೆಮಾರು ಬೇಕಾಯಿತು. ಹೋಗಲು ಒಂದು ಮಧ್ಯಾಹ್ನ ಸಾಕಾಯಿತು.

"ಹೇಗಿದೆ ಅತ್ತಿಗೆ? ಮದುವಣಗಿತ್ತಿ ಥರ ಹೊಳೀತಿದೆ ಅಲ್ವಾ? ಮರ ಒಂದ್ಕಡೆ ತಗ್ಗಾಗಿತ್ತು, ಅದಕ್ಕೂ ಪುಟ್ಟಿ ತುಂಬಿಸ್ದೆ," ಅಂದ.

ತಗ್ಗಂತೆ. ಗುರಿ ಇಡುವಾಗ ಅಜ್ಜ ಜೀವಮಾನವೆಲ್ಲ ಕೆನ್ನೆ ಊರಿ ಊರಿ ಸವೆದ ಜಾಗ ಅದು. ರೈಫಲ್ ಕ್ಲಬ್ಬಿನಲ್ಲಿ ನಾನು ಗುರಿ ಹಿಡಿದಾಗಲೆಲ್ಲ ನನ್ನ ಕೆನ್ನೆಯೂ ತಾನಾಗಿ ಅಲ್ಲೇ ಹೋಗಿ ಕೂರುತ್ತಿತ್ತು.

"ಪಾಪ, ಬೆವರು ಸುರಿಸಿದ್ದಾನೆ, ಒಂದು ಒಳ್ಳೇ ಮಾತಾಡು," ಅಂದರು ಯಜಮಾನರು.

ಮಲಗುವ ಮುಂಚೆ ಬೀರು ತೆಗೆದು ಮತ್ತೊಮ್ಮೆ ಕೆನ್ನೆ ಊರಿ ನೋಡಿದೆ. ಯಾರದೋ ಬಂದೂಕು.